ಹಸಿರು ಕಲ್ಲಿನ ಜೀರುಂಡೆ

ಹಾಥುರ್ ತಿಂಗಳು, ೬

ಇವತ್ತು ನನ್ನ ಜಾಗ ಹೋಯಿತು.

ದ್ರಾಕ್ಷಾರಸದ ಹೂಜಿಯೊಂದು ಒಡೆದಿತ್ತು. ಅದರ ಚೂರಿನ ಮೇಲೆ ಬರೆಯುತ್ತಿದ್ದೇನೆ. ಯಾರಿಗೂ ಹೇಳುವಂತಿಲ್ಲ, ಹೇಳದೆ ಇರಲೂ ಆಗುತ್ತಿಲ್ಲ. ಅಪ್ಪ ನನಗೆ ಅಕ್ಷರ ಕಲಿಸಿದ್ದು ಪೊಟ್ಟಣದ ಮೇಲೆ ಗಿರಾಕಿಗಳ ಹೆಸರು ಬರೆಯಲಿ ಎಂದು. ಅದೇ ಅಕ್ಷರದಲ್ಲಿ ಹೊಟ್ಟೆಯುರಿಯನ್ನೂ ಬರೆಯಬಹುದು ಎಂದು ಅವನಿಗೆ ಹೊಳೆದಿರಲಿಕ್ಕಿಲ್ಲ.

ನಮ್ಮ ಅಂಗಡಿಯ ಉತ್ತರದ ಕಿಟಕಿಯ ಬಳಿಯ ಮಣೆ ನನ್ನದು. ಗಂಡ ಸತ್ತು ತವರಿಗೆ ಬಂದ ದಿನ ಅಪ್ಪ ಅದನ್ನೇ ತೋರಿಸಿ, “ಮೆಲಿತ್ತ, ಅಳೋದಿದ್ರೆ ಇಲ್ಲಿ ಕೂತ್ಕೊಂಡು ಅಳು. ಕೈ ಮಾತ್ರ ಸುಮ್ನಿರಬಾರ್ದು,” ಅಂದಿದ್ದ. ಅವತ್ತಿನಿಂದ ಕೂತಿದ್ದೇನೆ. ಸಾಸಿವೆಗಿಂತ ಸಣ್ಣ ಚಿನ್ನದ ರವೆಗಳನ್ನು ಒಂದರ ಪಕ್ಕ ಒಂದಿಟ್ಟು, ಊದುಗೊಳವೆಯಲ್ಲಿ ಹದವಾಗಿ ಉಸಿರು ಬಿಟ್ಟು, ಒಂದೂ ಕರಗದಂತೆ ಬೆಸೆಯುವುದರಲ್ಲಿ ಅಲೆಕ್ಸಾಂಡ್ರಿಯದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಬವಲ್ಲ. ಜಂಬವಾದರೆ ಆಗಲಿ.

ಬೆಳಿಗ್ಗೆ ಬಂದು ನೋಡಿದರೆ ಆ ಮಣೆಯ ಮೇಲೆ ತಮೂನಿ ಕೂತಿದ್ದಾಳೆ. ನನ್ನ ತಮ್ಮ ದಾಮೋನ್‌ನ ಹೆಂಡತಿ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ. ನಾವು ಗ್ರೀಕರು, ಅಜ್ಜ ರೋಡ್ಸ್ ದ್ವೀಪದಿಂದ ಬಂದವನು. ಅವಳು ಈಜಿಪ್ಟಿನವಳು, ಅವಳಪ್ಪ ದೇವಸ್ಥಾನದ ಚಿನ್ನದ ಕೆಲಸದವನು. “ಊರಿಗೂರೇ ಐಸಿಸ್ ಅಮ್ಮನ ಕಿರೀಟದ ಓಲೆ ಕೇಳ್ತಿದೆ. ಅವಳ ದೇವ್ರು ಅವಳಿಗೆ ಗೊತ್ತು. ನೀನು ಸ್ವಲ್ಪ ಒಳಗೆ ಸರ್ಕೋ. ನಿನ್ನ ಬೆರಳಿಗೇ ಕಣ್ಣಿದೆ, ನಿಂಗ್ಯಾಕೆ ಬೆಳಕು?” ಅಂದ ಅಪ್ಪ.

ಹೊಗಳುತ್ತಾ ಎಬ್ಬಿಸಿದ. ಬೈದು ಎಬ್ಬಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಹಾಥುರ್, ೯

ನಾನು ಮಾಡಿದ ಓಲೆಗಳನ್ನು ನೋಡಲು ಒಬ್ಬ ಗಿರಾಕಿ ಬಂದಿದ್ದಳು. ಜೊತೆಗಿದ್ದ ಈಜಿಪ್ಟಿನ ಕೆಲಸದವಳು ಓಲೆ ನೋಡಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ನಡುವೆ ಸೂರ್ಯನ ಬಿಲ್ಲೆ, ಅದರ ಮೇಲೆ ಎರಡು ಗರಿ, ಇಕ್ಕೆಲಗಳಲ್ಲಿ ಕೊಂಬು. ಎಲ್ಲ ಇತ್ತು. ಇನ್ನೇನು ಬೇಕಂತೆ?

“ಅಕ್ಕ, ಇದು ಹೋರಿ ಕೊಂಬಾಯ್ತು,” ಅಂದಳು ತಮೂನಿ, ಮೆಲ್ಲಗೆ, ಗಿರಾಕಿ ಹೋದ ಮೇಲೆ. “ಅಮ್ಮನದು ಹಸುವಿನ ಕೊಂಬು. ಬಿಲ್ಲೇನ ತಬ್ಕೊಂಡ ಹಾಗೆ ಬಾಗಿರ್ಬೇಕು. ಇದು ಹಾಯೋಕೆ ಬರೋ ಹಾಗಿದೆ.”

ದಾಮೋನ್ ಹಲ್ಲುಬಿಟ್ಟ. “ಮಾಡಿದೋರ ಥರಾನೇ ಇದೆ ಬಿಡು.”

ಎಲ್ಲರ ಮುಂದೆ ಹೇಳಿದ್ದರೆ ಅವಳಿಗೆ ಪೊಗರು ಎಂದು ಬೈಯಬಹುದಿತ್ತು. ಗಿರಾಕಿ ಹೋಗುವವರೆಗೆ ಕಾದು ಹೇಳಿದಳು. ಅದೂ ಒಂದು ಜಾಣತನ. ಕೊಂಬುಗಳನ್ನು ಬಿಚ್ಚಿ ಮತ್ತೆ ಬಾಗಿಸಿದೆ. ಅವಳು ಹೇಳಿದಂತೆ ಬಾಗಿಸಿದ ಮೇಲೆ ಚೆನ್ನಾಗಿ ಕಂಡಿತು. ಅದೇ ಹೊಟ್ಟೆಗೆ ಬೆಂಕಿ ಇಟ್ಟದ್ದು.

ಹಾಥುರ್, ೨೧

ಊಟಕ್ಕೆ ಕೂತಾಗ ಇಯೋಳ ಕಥೆ ಹೇಳಿದೆ, ನಮ್ಮ ಕಡೆಗೂ ಹಸುವಿನ ಕೊಂಬಿನವಳು ಒಬ್ಬಳಿದ್ದಾಳೆ ಎಂದು ತೋರಿಸಲು. ನಮ್ಮ ದೇವರ ದೊರೆ ಝಿಯಸ್ ಈ ಇಯೋ ಎಂಬ ಹುಡುಗಿಯ ಮೇಲೆ ಮನಸ್ಸಿಟ್ಟ. ಅವನ ಹೆಂಡತಿ ಹೇರಾಳಿಗೆ ಹೆದರಿ ಹುಡುಗಿಯನ್ನು ಹಸು ಮಾಡಿದ. ಹೇರಾ ಆ ಹಸುವಿನ ಮೇಲೆ ಕಚ್ಚುವ ನೊಣ ಬಿಟ್ಟಳು. ಓಡಿ ಓಡಿ ಅದು ಈಜಿಪ್ಟಿಗೆ ಬಂತು, ಮತ್ತೆ ಹೆಣ್ಣಾಯಿತು, ನೀವು ಪೂಜೆ ಮಾಡುವ ಐಸಿಸ್ ಅವಳೇ ಎಂದು ನಮ್ಮ ಹಿರಿಯರು ಹೇಳುತ್ತಾರೆ ಎಂದೆ.

ತಮೂನಿ ಬಾರ್ಲಿ ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದಳು. “ಅಂದ್ರೆ ನಮ್ಮಮ್ಮ ನಿಮ್ಮೂರಿಂದ ಓಡಿ ಬಂದೋಳಾ? ಆಗ್ಲಿ, ಬಂದೋರಿಗೆ ಊಟ ಹಾಕೋದು ನಮಗೇನು ಹೊಸದಲ್ಲ. ಆದ್ರೆ ಅಕ್ಕ, ಆ ಹೇರಾಗೆ ಅಷ್ಟೊಂದು ಉರಿ ಯಾಕೆ? ಹಸೂನ ಕಂಡ್ರೂ ಹೊಟ್ಟೆಕಿಚ್ಚಾ?”

ಅಪ್ಪ ನಕ್ಕು ನಕ್ಕು ಕೆಮ್ಮಿದ. ಅವಳೇ ಎದ್ದು ನೀರು ಕೊಟ್ಟಳು. ನಾನು ಎದ್ದಿದ್ದೆ, ಆದರೆ ತಂಬಿಗೆ ಅವಳ ಪಕ್ಕ ಇತ್ತು. ಅಪ್ಪ ಅವಳು ಮಾಡಿದ ಈರುಳ್ಳಿ ಮೀನಿನ ಸಾರನ್ನು ಎರಡನೇ ಸಲ ಹಾಕಿಸಿಕೊಂಡ. ಅಮ್ಮ ಹೋದ ಮೇಲೆ ನಾನು ಮಾಡಿದ್ದನ್ನು ಒಮ್ಮೆಯೂ ಎರಡನೇ ಸಲ ಕೇಳಿದವನಲ್ಲ.

ಖೊಯಾಕ್ ತಿಂಗಳು, ೧೧

ತಮೂನಿ ತವರಿಗೆ ಹೋದಳು. ಅವರ ಕಡೆ ಈ ತಿಂಗಳು ಸತ್ತ ದೇವರ ವ್ರತವಂತೆ. ಮಣ್ಣಿನ ಅಚ್ಚಿನಲ್ಲಿ ಬಾರ್ಲಿ ಬಿತ್ತಿ, ದಿನಾ ನೀರೆರೆದು, ದೇವರ ಮೈಯಿಂದ ಮೊಳಕೆ ಬರುವುದನ್ನು ಕಾಯುತ್ತಾರೆ. ತಿಂಗಳು ಮುಗಿಯುವವರೆಗೆ ಬರುವುದಿಲ್ಲ.

ಅವಳ ಗಾಡಿ ಬೀದಿಯ ತಿರುವು ದಾಟುವ ಮೊದಲೇ ಕಿಟಕಿಯ ಬಳಿ ಹೋಗಿ ಕೂತೆ. ಮಣೆ ಇನ್ನೂ ಬೆಚ್ಚಗಿತ್ತು. ಒರೆಸಿ ಕೂತೆ.

ಖೊಯಾಕ್, ೧೩

ದೊಡ್ಡ ಚೂರು ಹುಡುಕಿಕೊಂಡು ಬಂದಿದ್ದೇನೆ. ಬರೆಯುವುದು ಬಹಳ ಇದೆ.

ಬಂದರಿನ ಅಧಿಕಾರಿಯ ಹೆಂಡತಿ ಟಿಮೋ ಅಮ್ಮನವರು ಬಂದಿದ್ದರು. ಮಗಳು ಲಿಸಿಲ್ಲಳ ಮದುವೆ, ಮುಂದಿನ ತಿಂಗಳು. ಓಲೆ, ಹಾವಿನ ಕೈಬಳೆ, ಮತ್ತು ಒಂದು ಕಂಠಹಾರ. ಹಾರದ ನಡುವೆ ಕೂರಿಸಲು ಅವರೇ ಒಂದು ಕಲ್ಲು ತಂದಿದ್ದರು. ಬಟ್ಟೆ ಬಿಚ್ಚಿದಾಗ ಅಪ್ಪನೂ ಬಗ್ಗಿ ನೋಡಿದ. ಅಂಗೈ ಅರ್ಧ ತುಂಬುವಷ್ಟು ದೊಡ್ಡ ಜೀರುಂಡೆ, ಕಡು ಹಸಿರು ಕಲ್ಲಿನಲ್ಲಿ ಕೊರೆದದ್ದು. ಕಾಲು, ರೆಕ್ಕೆಯ ಗೆರೆ, ಎಲ್ಲ ಎಷ್ಟು ನಯ! ಅಡಿಯಲ್ಲಿ ಸಾಲುಸಾಲಾಗಿ ಅವರ ಚಿತ್ರದಂಥ ಬರಹ.

“ನಮ್ಮೆಜಮಾನ್ರು ಮೆಂಫಿಸ್‌ನಿಂದ ತಂದ್ರು. ತುಂಬಾ ಹಳೇದಂತೆ,” ಅಂದರು ಟಿಮೋ. “ಈಗ ಎಲ್ಲರ ಮನೆ ಹುಡ್ಗೀರೂ ಉಂಗುರದಲ್ಲಿ ಕಾಳಿನಷ್ಟು ಹುಳ ಹಾಕ್ಕೊಂಡು ಮೆರೀತಾರೆ. ನಮ್ಮದು ದೊಡ್ಡದಿರ್ಲಿ. ಎದೆ ಮೇಲೆ ಕಾಣ್ಬೇಕು.”

“ಸೆಗಣಿ ಉರುಳಿಸೋ ಹುಳಕ್ಕೆ ಬಂದ ಭಾಗ್ಯ ನೋಡಿ,” ಅಂದ ದಾಮೋನ್.

“ಸೆಗಣಿ ಅಲ್ಲಪ್ಪ, ಸೂರ್ಯನ್ನ ಉರುಳಿಸುತ್ತಂತೆ ಅದು. ಶುಭ.”

ಅವರು ಹೋದ ಮೇಲೆ ಅಪ್ಪ ಕಲ್ಲನ್ನು ನನ್ನ ಕೈಗಿಟ್ಟ. “ಇದು ನಿನ್ನ ಕೆಲಸ. ಊರಿನ ದೊಡ್ಡೋರೆಲ್ಲ ಸೇರೋ ಮದುವೆ. ಇದು ಗೆದ್ರೆ ಆ ಮಣೆ ನಿಂದೇ ಮಗಳೇ. ಇನ್ಯಾರನ್ನೂ ಅಲ್ಲಿ ಕೂರಿಸಲ್ಲ.”

ಕಣ್ಣಲ್ಲಿ ನೀರು ಬಂತು. ಹೊಗೆ ಅಂದೆ.

ಒಂದು ವಿಷಯ. ಜೀರುಂಡೆಗೆ ದಾರ ಹಾಕುವ ತೂತಿಲ್ಲ. ನಾನು ಕಂಡ ಹುಳಗಳಿಗೆಲ್ಲ ಉದ್ದಕ್ಕೆ ತೂತಿರುತ್ತದೆ, ಇದಕ್ಕಿಲ್ಲ. ಮಾಡಿದವನು ಮರೆತಿರಬೇಕು. ತಮೂನಿಯ ತವರು ಊರಾಚೆ, ಮಧ್ಯಾಹ್ನದೊಳಗೆ ಹೋಗಿ ಬರಬಹುದು. ಆದರೆ ಯಾಕೆ ಕೇಳಬೇಕು? ಕೇಳಿದರೆ ನಾಳೆ ‘ತಮೂನಿ ಹೇಳಿಕೊಟ್ಟ ಹಾರ’ ಎಂದಾಗುತ್ತದೆ.

ಖೊಯಾಕ್, ೨೨

ಕೆಲಸ. ಬರೆಯಲು ಪುರುಸೊತ್ತಿಲ್ಲ. ಇಷ್ಟು ಸುಖವಾಗಿದ್ದು ಯಾವಾಗಲೋ.

ತುಬಿ ತಿಂಗಳು, ೧

ಮುಗಿಯಿತು. ಕಲ್ಲಿನ ಸುತ್ತ ಚಿನ್ನದ ಅಂಚು ಕಟ್ಟಿ, ಅಂಚಿನ ಮೇಲೆ ದ್ರಾಕ್ಷಿ ಗೊಂಚಲಿನ ಹಾಗೆ ರವೆ ಕೂರಿಸಿದ್ದೇನೆ. ಮೇಲೆ ಐಸಿಸ್ ಕಿರೀಟ, ಕೊಂಬು ಸರಿಯಾಗಿ ಬಾಗಿದೆ. ಇಕ್ಕೆಲಗಳಲ್ಲಿ ತಲೆ ಎತ್ತಿದ ಎರಡು ನಾಗಗಳು. ಅಪ್ಪ ಬಹಳ ಹೊತ್ತು ನೋಡಿದ. ನನ್ನ ತಲೆಯ ಮೇಲೆ ಕೈಯಿಟ್ಟ. ಚಿಕ್ಕವಳಿದ್ದಾಗ ಹಾಗೆ ಇಡುತ್ತಿದ್ದ.

ನಾಳೆ ತಮೂನಿ ಬರುತ್ತಾಳೆ. ನೋಡಲಿ. ನೋಡಿ ಉರಿದುಕೊಳ್ಳಲಿ.

ತುಬಿ, ೩

ನೋಡಿದಳು. ಮುಖದ ಬಣ್ಣವೇ ಹೋಯಿತು. ನಾನು ಬಯಸಿದ್ದು ಇದನ್ನೇ ಎಂದು ಒಂದು ಕ್ಷಣ ಹಿಗ್ಗಿದೆ.

ಅಪ್ಪ ಹೊರಗೆ ಹೋಗುವವರೆಗೆ ಕಾದು, ಬಾಗಿಲು ಮರೆ ಮಾಡಿ, ನನ್ನ ಕೈ ಹಿಡಿದಳು. “ಅಕ್ಕ, ಇದು ಬದುಕಿದೋರಿಗೆ ಹಾಕೋದಲ್ಲ.”

“ಏನದು?”

“ಇದು ಹೆಣದ ಎದೆ ಮೇಲೆ ಇಟ್ಟು, ಬಟ್ಟೆ ಸುತ್ತಿ ಕಟ್ಟೋದು. ಅದಕ್ಕೇ ತೂತಿಲ್ಲ. ಬದುಕಿದೋರು ಹಾಕ್ಕೊಳ್ಳೋ ಹುಳ ಬೇರೆ. ಸತ್ತ ಮೇಲೆ ಅಲ್ಲಿ ನಮ್ಮ ಎದೆಗುಂಡಿಗೇನ ತಕ್ಕಡೀಲಿಟ್ಟು ತೂಗ್ತಾರೆ. ಆಗ ನನ್ನ ಗುಟ್ಟು ಹೇಳ್ಬೇಡಮ್ಮ ಅಂತ ನಮ್ಮ ಎದೆಗೇ ಹೇಳೋ ಬುದ್ಧಿಮಾತು ಇದರ ಅಡೀಲಿರೋದು. ಯಾವ್ದೋ ಗೋರಿ ಅಗೆದು ತಂದಿದಾರೆ. ಯಾರ ಎದೆ ಮೇಲಿತ್ತೋ ಪಾಪ. ಮದುವಣಗಿತ್ತಿಗೆ ಬೇಡ ಅಕ್ಕ. ತೆಗೀರಿ.”

ತೆಗೆಯಬೇಕಂತೆ! ಅಂಚನ್ನು ಕತ್ತರಿಸದೆ ಕಲ್ಲು ಬರುವುದಿಲ್ಲ, ಅಂಚು ಕತ್ತರಿಸಿದರೆ ರವೆಗಳೆಲ್ಲ ಹೋದ ಹಾಗೆ. ಇದು ಅವಳಿಗೂ ಗೊತ್ತು.

“ಅಪ್ಪನಿಗೆ ಹೇಳಿದ್ಯಾ?”

“ಇಲ್ಲ. ಕೆಲಸ ನಿಮ್ದು. ನೀವೇ ಹೇಳೋದು ಚೆಂದ.”

“ಹೇಳ್ಬೇಡ. ನಿನ್ನ ಮನಸ್ಸಲ್ಲಿ ಏನಿದೆ ಅಂತ ನಂಗೊತ್ತು. ನಾನು ಚೆನ್ನಾಗಿ ಮಾಡಿದ್ದು ನಿಂಗೆ ಸೈರಿಸೋಕಾಗ್ತಿಲ್ಲ.”

ಅವಳು ಕೈ ಬಿಟ್ಟಳು. ಎದುರಾಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿಜ ಹೇಳಿದ್ದಕ್ಕೇ ಬಾಯಿ ಕಟ್ಟಿತು ಅವಳಿಗೆ. ಹೊಟ್ಟೆಕಿಚ್ಚಿನ ಹೆಂಗಸು.

ತುಬಿ, ೪

ಹೇಳಿಲ್ಲ.

ಯಾಕೆ ಹೇಳಿಲ್ಲ?

ತುಬಿ, ೭

ಊರಿನ ಪಶ್ಚಿಮದ ಬಾಗಿಲಿನಾಚೆ, ಹೆಣಕ್ಕೆ ಬಟ್ಟೆ ಸುತ್ತುವವರ ಬೀದಿಗೆ ಹೋಗಿದ್ದೆ. ಅವಳ ಸುಳ್ಳನ್ನು ಬಯಲು ಮಾಡೋಣವೆಂದು ಹೋದದ್ದು, ಮತ್ತೇನಲ್ಲ. ಸುತ್ತುಬಟ್ಟೆ, ರಾಳ, ಬಣ್ಣದ ಮುಖವಾಡ ಮಾರುವ ಅಂಗಡಿಗಳು. ಒಂದರಲ್ಲಿ ಬುಟ್ಟಿಯ ತುಂಬ ಹಸಿರು ಜೀರುಂಡೆಗಳು. ದೊಡ್ಡವು. ತೂತಿಲ್ಲದವು.

ಅಂಗಡಿಯ ಮುದುಕ ಗ್ರೀಕ್ ಮಾತು ಹರಕು ಮುರುಕಾಗಿ ಆಡುತ್ತಿದ್ದ. “ಯಾರಿಗಮ್ಮ? ಅಪ್ಪಂಗಾ? ಗಂಡಂಗಾ?”

“ಮದುವಣಗಿತ್ತಿಗೆ.”

ಅವನು ನನ್ನನ್ನು ಮರುಕದಿಂದ ನೋಡಿ ಎದೆ ಮುಟ್ಟಿಕೊಂಡ. “ಅಯ್ಯೋ. ಯಾವಾಗ ತೀರ್ಕೊಂಡ್ಲು?”

ಹಿಂದಕ್ಕೆ ಹೇಗೆ ಬಂದೆನೋ ತಿಳಿಯದು. ದಾರಿಯಲ್ಲಿ ಅಂಜೂರ ಕೊಂಡಿದ್ದೆನಂತೆ, ಬುಟ್ಟಿಯಲ್ಲಿತ್ತು. ಅಪ್ಪನಿಗೆ ಹೇಳಬೇಕು. ಹೇಳಿದರೆ ಹಾರ ಹೋಯಿತು, ಮಣೆ ಹೋಯಿತು, ಅವಳೇ ಸರಿ ಎಂದಾಯಿತು. ನಾಳೆ ಹೇಳುತ್ತೇನೆ.

ತುಬಿ, ೧೦

ನಿನ್ನೆಯೂ ಹೇಳಲಿಲ್ಲ. ಇವತ್ತು ಟಿಮೋ ಅಮ್ಮನವರು ಮಗಳನ್ನು ಕರೆದುಕೊಂಡು ಬಂದೇ ಬಿಟ್ಟರು.

ಲಿಸಿಲ್ಲ ಇನ್ನೂ ಮಗುವಿನ ಮುಖದ ಹುಡುಗಿ. ಹಾರ ಹಾಕಿಕೊಂಡು ಕತ್ತು ಬಗ್ಗಿಸಿ ನೋಡಿದಳು. ಜೀರುಂಡೆ ನೇರ ಎದೆಗುಂಡಿಗೆಯ ಮೇಲೆ ಕೂತಿತು, ಅಳೆದು ಮಾಡಿದ ಹಾಗೆ. ಅಳೆದೇ ಮಾಡಿದ್ದೆ. “ಅಮ್ಮ, ಎಷ್ಟು ತಣ್ಣಗಿದೆ ಇದು!” ಅಂದಳು. ಕನ್ನಡಿ ಹಿಡಿದಿದ್ದವಳು ತಮೂನಿ. ಅವಳು ಹುಡುಗಿಯನ್ನು ನೋಡಲಿಲ್ಲ, ಹಾರವನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಊದುಗೊಳವೆ ಒರೆಸುತ್ತಾ ಕೂತೆ.

“ಇಂಥ ಕೆಲಸ ನಾನು ನೋಡಿಲ್ಲ,” ಅಂದರು ಟಿಮೋ. ನನ್ನ ಕಿವಿ ನೆಟ್ಟಗಾಯಿತು. “ಇದು ಈಜಿಪ್ಟಿನವರ ಕೈಯಲ್ಲೇ ಆಗಿದ್ದು ತಾನೆ? ಗ್ರೀಕರು ಮಾಡಿದ್ರೆ ಚಂದ ಇರುತ್ತೆ, ಶಕ್ತಿ ಇರಲ್ಲ ಅಂತಾರೆ.”

ಅಪ್ಪ ರೆಪ್ಪೆ ಬಡಿಯಲಿಲ್ಲ. “ನಮ್ಮ ಸೊಸೆ ಕೈಯಮ್ಮ. ದೇವಸ್ಥಾನದ ಮನೆತನ.”

ಒಂದು ಮಾತಿನಲ್ಲಿ ಕೊಟ್ಟುಬಿಟ್ಟ. ನನ್ನ ರವೆಗಳನ್ನು, ನನ್ನ ದ್ರಾಕ್ಷಿ ಗೊಂಚಲನ್ನು, ನನ್ನ ಹದಿನೆಂಟು ದಿನಗಳ ಉಸಿರನ್ನು ಎತ್ತಿ ಅವಳ ಮಡಿಲಿಗೆ ಹಾಕಿದ. ಟಿಮೋ ತಮೂನಿಯ ಕೆನ್ನೆ ಸವರಿ, “ಜಾಣೆ,” ಅಂದರು. ಆಮೇಲೆ ಅಂದರು, “ನಾಡಿದ್ದು ಮನೆಗೆ ಕಳಿಸಿ. ಮದುವೆ ದಿನ ಐಸಿಸ್ ಗುಡಿ ಪೂಜಾರ್ರು ಬಂದು, ಹಾರ ಕೈಗೆ ತಗೊಂಡು, ಹರಸಿ ಹಾಕ್ತಾರೆ.”

ಪೂಜಾರಿ ಬರುತ್ತಾನೆ. ಕೈಗೆ ತೆಗೆದುಕೊಳ್ಳುತ್ತಾನೆ. ಅಡಿಯಲ್ಲಿರುವುದನ್ನು ಓದುತ್ತಾನೆ. ಯಾರು ಮಾಡಿದ್ದು ಎಂದು ಕೇಳುತ್ತಾನೆ. ಎಲ್ಲರೂ ಒಬ್ಬಳ ಹೆಸರು ಹೇಳುತ್ತಾರೆ. ಗೊತ್ತಿದ್ದೂ ಮಾಡಿದಳು ಎನ್ನುತ್ತಾರೆ, ಯಾಕೆಂದರೆ ಅವಳಿಗೆ ಗೊತ್ತಿರಲೇಬೇಕು. ಆಮೇಲೆ ಅಪ್ಪ ಅವಳನ್ನು ಕಿಟಕಿಯ ಬಳಿ ಹಾಗಿರಲಿ, ಅಂಗಡಿಯ ಹೊಸ್ತಿಲ ಬಳಿಯೂ ಬಿಡುವುದಿಲ್ಲ.

ನಾನು ಏನೂ ಮಾಡಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ತುಬಿ, ೧೧

ಊಟ ಸೇರಲಿಲ್ಲ. ಮೀನು ಹಳಸಿತ್ತೇನೋ. ಉಳಿದವರೆಲ್ಲ ತಿಂದರು.

ತುಬಿ, ೧೧, ಸಂಜೆ

ಅಂಗಳದಲ್ಲಿ ತಮೂನಿ ಬಟ್ಟೆ ಒಣಹಾಕುತ್ತಿದ್ದಳು. ಕೇಳಿಯೇ ಬಿಟ್ಟೆ. “ನಿನ್ನ ಬಾಯಿಗೇನು ಬೀಗ ಬಿದ್ದಿದ್ಯಾ? ಯಾಕೆ ಸುಮ್ನಿದ್ದೆ ನಿನ್ನೆ?”

“ನೀವು ಹೇಳ್ಬೇಡ ಅಂದ್ರಲ್ಲ. ಈ ಮನೆಗೆ ಕಳಿಸೋವಾಗ ನಮ್ಮಮ್ಮ ಹೇಳಿದ್ರು, ಅತ್ತೆ ಇಲ್ಲದ ಮನೆ, ಗಂಡನ ಅಕ್ಕಾನೇ ಅತ್ತೆ ಅಂದ್ಕೋ, ಅವರ ಮಾತು ಮೀರ್ಬೇಡ ಅಂತ.”

“ಬೈಗುಳ ನಿಂಗೇ ಬರುತ್ತೆ, ಗೊತ್ತಾ?”

“ಗೊತ್ತು.”

“ಆ ಹುಡುಗಿ?”

ಆಗ ಅಳು ಬಂತು ಅವಳಿಗೆ. ಒದ್ದೆ ಬಟ್ಟೆಯಲ್ಲೇ ಮುಖ ಒರೆಸಿಕೊಂಡಳು. “ಅವಳಿಗೆ ಹಾಕೋಕೆ ಬಿಡಲ್ಲ ಅಕ್ಕ. ನೀವೇ ಹೇಳ್ತೀರಾ ಅಂತ ದಿನಾ ಕಾದೆ. ಹೇಳದಿದ್ರೆ ಮದುವೆ ದಿನ ಬೆಳಿಗ್ಗೆ ನಾನೇ ಹೋಗಿ ಅವರ ಕಾಲು ಹಿಡ್ಕೊಂಡು, ತಪ್ಪು ನಂದೇ, ನಾನೇ ಕೂರಿಸಿದ್ದು, ತೆಗೀರಿ ಅಂತೀನಿ. ಹೇಗೂ ನನ್ನ ಹೆಸರೇ ಹೇಳಾಗಿದೆಯಲ್ಲ.”

ಇವಳ ಸೊಕ್ಕು ನೋಡಿ! ನನ್ನ ಕೆಲಸವನ್ನು ತೆಗೆದುಕೊಂಡಳು. ಈಗ ನನ್ನ ತಪ್ಪೂ ಇವಳಿಗೇ ಬೇಕಂತೆ. ಎಲ್ಲ ಇವಳದೇ ಆದರೆ ನನ್ನದು ಅಂತ ಏನು ಉಳಿಯಿತು ಈ ಮನೆಯಲ್ಲಿ?

ತುಬಿ, ೧೨

ದಾಮೋನ್ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಹೊರಟಿದ್ದ. ಹೊಸ್ತಿಲಲ್ಲೇ ಕಸಿದುಕೊಂಡೆ. ಹಾರವನ್ನು ಮಣೆಯ ಮೇಲಿಟ್ಟು, ಉಳಿಯ ತುದಿಯನ್ನು ಅಂಚಿನೊಳಗೆ ತೂರಿಸಿ, ಮೀಟಿದೆ. ರವೆಗಳು ಸಿಡಿದು ನೆಲದ ತುಂಬ ಉರುಳಿದವು. ಕಲ್ಲು ಪಟಕ್ಕೆಂದು ಈಚೆ ಬಂತು.

“ಹುಚ್ಚು ಹಿಡೀತಾ ನಿಂಗೆ?” ಅಪ್ಪ ಕಿರುಚಿದ. ಕೈಯೆತ್ತಿದ ಕೂಡ. “ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಕು! ಅವಳ ಹೆಸರು ಹೇಳಿದೆ ಅಂತ ನಿನ್ನ ಕೈಯಾರೆ ಮಾಡಿದ್ದನ್ನ ನೀನೇ ಹಾಳು ಮಾಡೋದಾ?”

“ಅದು ಹೆಣದ ಕಲ್ಲಪ್ಪ,” ಅಂದೆ. “ಸತ್ತೋರ ಎದೆ ಮೇಲಿಡೋದು. ತಮೂನಿ ನೋಡಿದ ದಿನಾನೇ ಹೇಳಿದ್ಲು. ನಾನೇ ಬಾಯಿ ಮುಚ್ಚಿಸ್ದೆ. ನಾನೇ ಹೋಗಿ ವಿಚಾರಿಸ್ಕೊಂಡು ಬಂದೂ ಸುಮ್ನಿದ್ದೆ.”

ಅಪ್ಪ ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತನ್ನ ಗಡ್ಡದ ಮೇಲಿಟ್ಟುಕೊಂಡ. ಆಮೇಲೆ ನೋಡಿದರೆ ತಮೂನಿ ನೆಲದಲ್ಲಿ ಮಂಡಿಯೂರಿ, ಒದ್ದೆ ಬೆರಳಿಗೆ ಅಂಟಿಸಿಕೊಂಡು, ರವೆಗಳನ್ನು ಒಂದೊಂದಾಗಿ ಆರಿಸುತ್ತಿದ್ದಾಳೆ. ನಾನೂ ಕೂತು ಆರಿಸಿದೆ.

ಅವಳಿಗಾಗಿ ಮಾಡಿದ್ದಲ್ಲ ಇದು. ನನ್ನ ತಪ್ಪು ನನ್ನದು, ಅಷ್ಟೇ.

ತುಬಿ, ೧೩

ಟಿಮೋ ಅಮ್ಮನವರ ಮನೆಗೆ ನಾನೇ ಹೋಗಿ ಹೇಳಿದೆ. ಕೇಳಿ ಅವರು ಕೂತಲ್ಲೇ ಕೂತರು. “ನನ್ನ ಮಗಳ ಎದೆ ಮೇಲೆ ಹೆಣದ್ದಾ,” ಎಂದು ಮೂರು ನಾಲ್ಕು ಸಲ ಅಂದರು. ಗಂಡನನ್ನು ಬೈದರು, ಮೆಂಫಿಸ್‌ನ ಆ ವ್ಯಾಪಾರಿಯ ಏಳು ತಲೆಮಾರನ್ನು ಬೈದರು, ಅಪ್ಪನನ್ನು ಬೈದರು, ನನ್ನನ್ನು ಬೈದರು. ಕೊನೆಗೆ, “ಹೇಳಿದೋಳು ಯಾರು? ಆ ಸೊಸೆ ತಾನೆ? ಅವಳು ಕೂತು ಮಾಡಿದ್ರೆ ಮಾತ್ರ ತಗೋತೀನಿ. ಮದುವೆ ಒಳಗೆ ಆಗ್ಬೇಕು,” ಅಂದರು.

ಅಂದುಕೊಂಡದ್ದೇ ಆಯಿತು. ಬಂದು ತಮೂನಿಗೆ ಹೇಳಿದೆ, “ಹೋಗಿ ಕೂತ್ಕೋ ಕಿಟಕಿ ಹತ್ರ.” ಧ್ವನಿ ಒರಟಾಗಿಯೇ ಬಂತು.

ಅವಳು ಕೂತಳು. ಕೂತು, ಮಣೆಯ ಒಂದು ಪಕ್ಕಕ್ಕೆ ಸರಿದು, “ನನಗೆ ರವೆ ಕೂರಿಸೋಕೆ ಬರಲ್ಲ ಅಕ್ಕ. ಬನ್ನಿ,” ಅಂದಳು.

ತುಬಿ, ೨೦

ಮದುವೆ ಮುಗಿಯಿತು. ಹಾರದ ನಡುವೆ ಈಗ ಹೆರಾಕ್ಲಿಸ್ ಗಂಟು, ನಮ್ಮ ಮದುವಣಗಿತ್ತಿಯರು ಸೊಂಟಕ್ಕೆ ಕಟ್ಟುವ, ಗಂಡ ಬಿಚ್ಚುವ ಗಂಟು. ಅದು ನಾನು ಕಟ್ಟಿದ್ದು. ಗಂಟಿನ ಮೇಲೆ ಕಿರೀಟ ಅವಳದು. ಗರಿಗಳನ್ನು ಎಷ್ಟು ತೆಳ್ಳಗೆ ಬಡಿದಿದ್ದಾಳೆಂದರೆ ಹುಡುಗಿ ಉಸಿರಾಡಿದರೆ ಅಲುಗುತ್ತವೆ. ಕೊಂಬಿನ ಸುತ್ತ ನನ್ನ ರವೆ. ಒಂದೇ ಮಣೆಯ ಮೇಲೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತದ್ದರಿಂದ ನನ್ನ ಎಡ ಭುಜ ಇನ್ನೂ ನೋಯುತ್ತಿದೆ. ಅವಳು ಕೆಲಸ ಮಾಡುವಾಗ ಗುನುಗುತ್ತಾಳೆ. ಕಿರಿಕಿರಿ.

ಪೂಜಾರಿ ಹಾರ ಕೈಗೆತ್ತಿಕೊಂಡು ಯಾರು ಮಾಡಿದ್ದು ಎಂದು ಕೇಳಿದ. “ಅಕ್ಕ,” ಅಂದಳು ತಮೂನಿ. ಅದೇ ಹೊತ್ತಿಗೆ ನಾನು, “ಇವಳು,” ಅಂದೆ. ದಾಮೋನ್, “ಯಾರಾದ್ರೂ ಒಬ್ರು ಅನ್ನಿ, ಊಟ ಆರೋಗುತ್ತೆ,” ಅಂದ.

ಮೆಖಿರ್ ತಿಂಗಳು, ೨

ಹಸಿರು ಕಲ್ಲು ಅಂಗಡಿಯಲ್ಲೇ ಉಳಿದಿತ್ತು. ಟಿಮೋ ಮುಟ್ಟಲೂ ಒಲ್ಲೆ ಅಂದಿದ್ದರು. ಅದು ಇರುವಷ್ಟು ದಿನ ತಮೂನಿ ಆ ಮೂಲೆಯನ್ನು ಗುಡಿಸುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಇಬ್ಬರೂ ಪಶ್ಚಿಮದ ಗೋರಿಗಳ ಕಡೆ ಹೋಗಿ ಮರಳಲ್ಲಿ ಆಳವಾಗಿ ಹೂತು ಬಂದೆವು. “ಯಾರದೋ ಏನೋ. ಅಲ್ಲಿ ತಕ್ಕಡಿ ಮುಂದೆ ನಿಂತು ತಡಕಾಡ್ತಿರ್ತಾರೆ ಪಾಪ, ಎಲ್ಲೋಯ್ತು ನನ್ನ ಹುಳ ಅಂತ,” ಅಂದಳು.

ಅವಳು ಅವರ ಮಾತಿನಲ್ಲಿ ಏನೋ ಹೇಳಿ ಎದೆ ಮುಟ್ಟಿಕೊಂಡಳು. ನಾನು ನನ್ನ ಎದೆಯನ್ನು ಯೋಚಿಸಿದೆ. ತೂಗಿದರೆ ಅದು ಏನೇನು ಹೇಳಬಹುದು! ಈ ಹೂಜಿಯ ಚೂರುಗಳನ್ನೇ ಸಾಲಾಗಿ ಜೋಡಿಸಿದರೆ ಸಾಕು, ತಕ್ಕಡಿಯೇ ಬೇಡ.

ಬರುವ ದಾರಿಯಲ್ಲಿ ಅವಳಿಗೆ ಅಂಜೂರ ಕೊಡಿಸಿದೆ. ಅವಳು ಕೇಳಿರಲಿಲ್ಲ. ಕಣ್ಣು ಅತ್ತ ಹೋಯಿತು, ಕೊಡಿಸಿದೆ.

ಮೆಖಿರ್, ೧೫

ಮೈಯೆಲ್ಲ ಉರಿಯುತ್ತಿದೆ.

ಎದುರು ಬೀದಿಯ ಅಕ್ಕಸಾಲೆಯ ಮಗಳು ಹೆಲಿಕೆ, ಆ ಬಾಯಿಬಡಕಿ, ಬೆಳಿಗ್ಗೆ ಬಂದು ತಮೂನಿಯ ಮುಂದೆ ಹಲ್ಲುಗಿಂಜುತ್ತಾ ನಿಂತಳು. ಕಿರೀಟದ ಗರಿ ಹೇಗೆ ತೆಳ್ಳಗೆ ಬಡಿಯುವುದು ತೋರಿಸಿ ಅಂತೆ. ಅವರಪ್ಪ ಹೇಳಿ ಕಳಿಸಿದನಂತೆ, ವಾರಕ್ಕೆ ಎರಡು ದಿನ ನಮ್ಮಲ್ಲಿಗೂ ಬನ್ನಿ ಅಂತ. ಕೈಯಲ್ಲಿ ಜೇನಿನ ಕಜ್ಜಾಯ ಬೇರೆ. ತಮೂನಿ ತಲೆಯಾಡಿಸಿ ನಗುತ್ತಾಳೆ! ಅವಳಿಗೆ ಎಲ್ಲರೂ ಒಳ್ಳೆಯವರೇ. ಅರ್ಧ ಗಳಿಗೆ ಇಬ್ಬರೂ ತಲೆಗೆ ತಲೆ ತಾಗಿಸಿ ಗುಸುಗುಸು. ಗರಿಯ ತುದಿಯನ್ನು ಒಳಮುಖವಾಗಿ ಮಡಿಸುವ ಆ ಕೈಚಳಕ ಇದೆಯಲ್ಲ, ಅದನ್ನು ನನಗೇ ಇನ್ನೂ ಪೂರ್ತಿ ತೋರಿಸಿಲ್ಲ. ಇವಳಿಗೆ ತೋರಿಸಲು ಹೊರಟಿದ್ದಳು.

“ನಮ್ಮ ತಮೂನಿಗೆ ಪುರುಸೊತ್ತಿಲ್ಲಮ್ಮ,” ಅಂದೆ. “ನಿಮ್ಮನೆ ಕೆಲಸಕ್ಕೆ ನಿಮ್ಮನೆಯೋರನ್ನೇ ನೋಡ್ಕೊಳ್ಳಿ.”

“ಎರಡೇ ದಿನ ಅಲ್ವಾ ಅಕ್ಕ,” ಅಂದಳು ಹೆಲಿಕೆ. ನನ್ನನ್ನು ಅಕ್ಕ ಅನ್ನಲು ಇವಳ್ಯಾರು?

ತಮೂನಿ ನನ್ನ ಮುಖ ನೋಡಿದಳು. ತುಟಿ ಕಚ್ಚಿ ನಗು ತಡೆದುಕೊಂಡಳು. “ಅಕ್ಕ,” ಅಂದಳು, “ನಿಮ್ಮ ಹೇರಾ ಇನ್ನೂ ಬದುಕಿದ್ದಾಳೆ ಅನ್ಸುತ್ತೆ.” ಏನು ಹೇಳಿದಳೋ, ಅರ್ಥವಾಗಲಿಲ್ಲ.

ಹೆಲಿಕೆ ಹೋಗುವ ಲಕ್ಷಣವೇ ಕಾಣಲಿಲ್ಲ. ಕೂತು ನೋಡುತ್ತೇನೆ ಎಂದು ಮುಕ್ಕಾಲಿ ಎಳೆದುಕೊಂಡು ಹತ್ತಿರ ಬಂದಳು. ನಾನು ಎದ್ದು ಹೋಗಿ ತಮೂನಿಯ ಪಕ್ಕ ಕೂತೆ, ಅಂಟಿಕೊಂಡು, ನಡುವೆ ಗಾಳಿಯೂ ಆಡದ ಹಾಗೆ.

ಕಿಟಕಿಯ ಬಳಿ ಇಬ್ಬರಿಗೆ ಜಾಗ ಇದೆ. ಮೂರನೆಯವರಿಗೆ ಇಲ್ಲ.